ಪಿಶಾಚಿರಾಯನ ಹತ್ತನೆಯ ಭಾಗ

ಮುಂಬಯಿಯ ಫೋರ್ಟಿನ ಫುಟ್‌ಪಾತಿನಲ್ಲಿ ಮಾರುವ ಕಳ್ಳಪ್ರತಿ ಪುಸ್ತಕಗಳಿಗೆ ಒಂದು ವಾಸನೆ ಇದೆ. ಅಗ್ಗದ ಅಂಟು, ಸರಿಯಾಗಿ ಒಣಗದ ಮಸಿ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು. ಒಳ್ಳೆಯ ವಾಸನೆ ಎಂದು ಯಾರೂ ಹೇಳಲಾರರು. ಕಳೆದ ತಿಂಗಳು ಆಫೀಸು ಬಿಟ್ಟು ಸ್ಟೇಶನ್ನಿಗೆ ನಡೆಯುವಾಗ ಅಂಥದೊಂದು ರಾಶಿಯ ಮೇಲೆ ಕಪ್ಪು ಮುಖಪುಟ, ಅದರ ನಡುವೆ ಒಲೆಯ ಕೆಂಪು ಬೆಳಕು ಕಂಡು ಕಾಲು ತಾನಾಗಿ ನಿಂತಿತು. ಹತ್ತನೆಯ ಭಾಗ. ಒಂಬತ್ತಕ್ಕೇ ಮುಗಿಯಿತೆಂದು ಎಲ್ಲರೂ ನಂಬಿದ್ದ, ನಾನಂತೂ ಎಳ್ಳುನೀರು ಬಿಟ್ಟು ಕೈತೊಳೆದುಕೊಂಡಿದ್ದ ರಕ್ತಪಿಶಾಚಿಯ ಪ್ರೇಮಕಥೆ ಇಷ್ಟು ವರ್ಷಗಳ ಮೇಲೆ ಎದ್ದು ಕುಳಿತಿತ್ತು. ಸತ್ತವರು ಏಳುವ ಕಥೆಯಲ್ಲವೇ, ಆಶ್ಚರ್ಯವೇನಿಲ್ಲ.

ಕೊಂಡೆ. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಹರಿದು, ಓದುವ ಮೊದಲು ಪುಸ್ತಕವನ್ನು ಮೂಗಿಗೆ ಹಿಡಿದೆ. ಎದುರು ಕುಳಿತ ಹೆಂಗಸು ನನ್ನನ್ನು ಒಂದು ಥರ ನೋಡಿದಳು. ಹಾಗೆ ಮೂಸುವುದನ್ನು ನನಗೆ ಕಲಿಸಿದ್ದು ಮೇಲಿನ ಮನೆಯ ಅಕ್ಕ...

ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿನಲ್ಲಿ ಅವಳ ಮನೆ ನಮ್ಮ ಮನೆಯ ನೇರ ಮೇಲಿತ್ತು. ಒಡಹುಟ್ಟಿದವಳಲ್ಲ, ಸಂಬಂಧಿಕಳೂ ಅಲ್ಲ. ನಮ್ಮಂತೆಯೇ ಉಡುಪಿ ಕಡೆಯವರು ಎನ್ನುವುದೊಂದೇ ನಂಟು. ತಾಯಿ ಇಲ್ಲದ ಮನೆ. ಅವಳ ಅಪ್ಪ, ನನಗೆ ಮಾಮ, ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ದುಡ್ಡು ಎಣಿಸುವ ಗಲ್ಲೆಯ ಮೇಲೆ ಕೂರುತ್ತಿದ್ದರು. ಅಕ್ಕನೂ ಅಲ್ಲೇ ಹತ್ತಿರದ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ನಾನಿನ್ನೂ ಜೂನಿಯರ್ ಕಾಲೇಜಿನಲ್ಲಿದ್ದೆ. ಆಫೀಸಿನಿಂದ ಬರುವಾಗ ಅವಳ ಬ್ಯಾಗಿನಲ್ಲಿ ಆ ಕಪ್ಪು ಮುಖಪುಟದ ಪುಸ್ತಕ ಬಂದಿತೆಂದರೆ ಮೊದಲು ಅವಳು ಮೂಸಬೇಕು, ಆಮೇಲೆ ನಾನು ಮೂಸಬೇಕು, ಆಮೇಲೆ ಓದು. "ಫ್ರೆಶ್ ರಕ್ತ ಮಾರಾಯ್ತಿ," ಎನ್ನುತ್ತಿದ್ದಳು.

ಕಥೆ ಇಷ್ಟೇ. ಯಾವುದೋ ಚಳಿದೇಶದ ಬಂದರಿನ ಊರು. ಅಲ್ಲೊಂದು ಬೇಕರಿ, ಅದರಲ್ಲಿ ಹಿಟ್ಟು ನಾದುವ ಹುಡುಗಿ. ನೂರಾರು ವರ್ಷದಿಂದ ಸಾಯದೆ ಉಳಿದ ಒಬ್ಬ ಸುಂದರಾಂಗ ರಕ್ತಪಿಶಾಚಿ ದಿನವೂ ಬೆಳಕು ಹರಿಯುವ ಮುಂಚೆ ಬೀದಿಯಲ್ಲಿ ನಿಂತು ಅವಳ ಒಲೆಯ ಬೆಳಕನ್ನು ನೋಡುತ್ತಾನೆ. ಒಳಗಿನವರು ಕರೆಯದೆ ಅವನು ಹೊಸ್ತಿಲು ದಾಟುವಂತಿಲ್ಲ, ಅದು ಅವನ ಜಾತಿಯ ನಿಯಮ. ಕಿಟಕಿಯಲ್ಲೇ ಒಂದು ಬ್ರೆಡ್ ಕೊಳ್ಳುತ್ತಾನೆ. ತಿನ್ನಲಾರ. ಅವನ ಮನೆ ತುಂಬ ಒಣಗಿದ ಬ್ರೆಡ್ಡುಗಳೇ. ಇದನ್ನು ಓದಿ ನಾನು ಗಳಗಳ ಅತ್ತಿದ್ದೆ. ಅಕ್ಕ ಹೋಟೆಲಿನವರ ಮಗಳು, ಅವಳಿಗೆ ಕಂಡದ್ದೇ ಬೇರೆ. "ಇಷ್ಟು ಬ್ರೆಡ್ ವೇಸ್ಟ್ ಮಾಡುವವನಿಗೆ ಯಾರು ಹುಡುಗಿ ಕೊಡ್ತಾರೆ?" ಎಂದಳು. ಅಂದಿನಿಂದ ಅವನು ನಮಗೆ ಪಿಶಾಚಿರಾಯನಾದ.

ನಿಜ ಹೇಳಬೇಕೆಂದರೆ ಬರವಣಿಗೆ ಕಳಪೆ. ಪುಟಕ್ಕೊಮ್ಮೆ ಅವನ ಕಣ್ಣಿನ ವರ್ಣನೆ, ಅವಳ ಎದೆಬಡಿತದ ವರ್ಣನೆ. ಮೂರನೆಯ ಭಾಗದಲ್ಲಿ ನಡೆದದ್ದೇ ಐದರಲ್ಲಿ ಊರು ಬದಲಿಸಿ ನಡೆಯುತ್ತದೆ. ಆದರೂ ಹೊಸ ಭಾಗ ಬರುವವರೆಗೆ ನಮಗೆ ಜೀವ ನಿಲ್ಲುತ್ತಿರಲಿಲ್ಲ. ಓದಿದ್ದೂ ಸುಳ್ಳಲ್ಲ, ಬೈದದ್ದೂ ಸುಳ್ಳಲ್ಲ. ಇಂದಿಗೂ ಆ ಪುಸ್ತಕಗಳನ್ನು ಯಾರಾದರೂ ಹೊಗಳಿದರೆ ನನಗೆ ಸಿಟ್ಟು ಬರುತ್ತದೆ, ಯಾರಾದರೂ ತೆಗಳಿದರೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ಮಾಮ ಗಲ್ಲೆಯ ಮೇಲೆ ಕೂರುವುದು ಹೊಟ್ಟೆಪಾಡಿಗೆ. ಅವರ ನಿಜವಾದ ಬದುಕು ಇದ್ದದ್ದು ಭಾನುವಾರದ ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಶುಭ್ರ ಪಂಚೆ ಉಟ್ಟು ಸಾಲಾಗಿ ಕುಳಿತು ಬರಿಯ ಮಾತಿನಲ್ಲೇ ಪುರಾಣದ ಪಾತ್ರಗಳಾಗಿ ವಾದಕ್ಕಿಳಿಯುವ ಆಟ. ಮುಂಬಯಿಯ ನಮ್ಮವರ ಸಭೆಗಳಲ್ಲಿ ಮಾಮನ ಅರ್ಥಗಾರಿಕೆಗೆ ದೊಡ್ಡ ಹೆಸರಿತ್ತು. ದೇವರ ಪಾತ್ರ ಕೊಟ್ಟರೂ ಗೆಲ್ಲುವರು, ರಾಕ್ಷಸನ ಪಾತ್ರ ಕೊಟ್ಟರೂ ಗೆಲ್ಲುವರು. ಒಳ್ಳೆಯ ಮಾತೊಂದು ಬಿದ್ದಾಗ ಸಭೆಯ ಹಿರಿಯರು "ಆಹಾ!" ಎಂದು ತಲೆದೂಗುವರು. ಆ "ಆಹಾ"ಕ್ಕಾಗಿಯೇ ಮಾಮ ವಾರವಿಡೀ ಇಡ್ಲಿ ವಡೆಯ ಬಿಲ್ಲು ಹರಿಯುತ್ತಿದ್ದರು ಅನ್ನಿಸುತ್ತದೆ.

ಈ ವಿದ್ಯೆಯನ್ನು ಅಕ್ಕ ಕುಳಿತಲ್ಲೇ ಕದ್ದಿದ್ದಳು. ಭಾನುವಾರ ಮಧ್ಯಾಹ್ನ ಟೆರೇಸಿನಲ್ಲಿ ಸಂಡಿಗೆ ಒಣಗಿಸಿ ಕಾಗೆ ಕಾಯುವ ಕೆಲಸ ನಮ್ಮಿಬ್ಬರದು. ಅಲ್ಲಿ ನೀರಿನ ಟಾಕಿಯ ನೆರಳಿನಲ್ಲಿ ಚಾಪೆ ಹಾಸಿ ನಾವು ಪಿಶಾಚಿರಾಯನ ತಾಳಮದ್ದಳೆ ನಡೆಸುತ್ತಿದ್ದೆವು. ಅವಳು ಎರಡು ಚಮಚ ಕುಟ್ಟಿ ತಾಳ ಹಾಕಿ, ತಾನೇ ಭಾಗವತನಂತೆ ಏನೋ ಎರಡು ಸಾಲು ಕಟ್ಟಿ ಹಾಡಿ ಮಾತಿಗೆ ಇಳಿಯುವಳು. ಒಂದು ವಾರ ಅವಳು ಪಿಶಾಚಿ, ನಾನು ಬೇಕರಿ ಹುಡುಗಿ. ಮುಂದಿನ ವಾರ ಪಾತ್ರ ಅದಲುಬದಲು. ಬಟ್ಟೆ ಒಣಹಾಕಲು ಬಂದ ಹೆಂಗಸರು ಬಕೆಟ್ ಕೆಳಗಿಟ್ಟು ನಿಂತು ಬಿಡುವರು. ಅಕ್ಕ ಬೇಕರಿ ಹುಡುಗಿಯಾದ ದಿನ ಪಿಶಾಚಿರಾಯನ ಗತಿ ನೋಡಬಾರದು. "ಮಹಾನುಭಾವ, ಬೀದಿಯಲ್ಲಿ ನಿಂತವನ ಕಣ್ಣಿಗೆ ಹೆದರಿ ಬಾಗಿಲು ತೆರೆದರೆ ಅದನ್ನು ಕರೆಯುವುದು ಎನ್ನುತ್ತಾರೆಯೇ?" ಎಂದು ಅವಳು ಕೇಳಿದಾಗ, ಪಿಶಾಚಿಯಾಗಿ ಕುಳಿತಿದ್ದ ನಾನು ಕಾಗೆ ಓಡಿಸುವ ನೆಪದಲ್ಲಿ ಎದ್ದುಬಿಟ್ಟೆ.

ಆ ಆಟಕ್ಕೆ ಒಂದು ಕಟ್ಟುಪಾಡು ಉಂಟು. ವಾದದಲ್ಲಿ ಎಷ್ಟೇ ಗೆದ್ದರೂ ಪ್ರಸಂಗ ಬದಲಾಗುವಂತಿಲ್ಲ. ಕಥೆಯಲ್ಲಿ ಸಾಯಬೇಕಾದವನು ಮಾತಿನಲ್ಲಿ ಎದುರಾಳಿಯನ್ನು ಮಣ್ಣು ಮುಕ್ಕಿಸಿದರೂ ಕೊನೆಗೆ "ಸರಿ" ಎಂದು ಸಾಯಲೇಬೇಕು. ಹಾಗೆಯೇ ನಮ್ಮ ಬೇಕರಿ ಹುಡುಗಿ ವಾದದಲ್ಲಿ ಅವನ ನೀರಿಳಿಸಿ, ಕೊನೆಗೆ ಪುಸ್ತಕದಲ್ಲಿದ್ದಂತೆ ಬಾಗಿಲು ತೆರೆದು "ಬಾ" ಎನ್ನಲೇಬೇಕಿತ್ತು.

ಅವನು ಬಂದದ್ದು ಆರನೆಯ ಭಾಗ ಓದುತ್ತಿದ್ದ ಕಾಲದಲ್ಲಿ. ಪುಸ್ತಕದವನಲ್ಲ, ಇವನು ಇದೇ ಮುಂಬಯಿಯ ಪವಾಯಿಯವನು. ಮನೆಯವರ ಹೋಟೆಲು ಇತ್ತು, ನಮ್ಮ ಕಡೆಯವರೇ, ನೋಡಲು ಲಕ್ಷಣವಾಗಿದ್ದ. ಯಾವುದೋ ತಾಳಮದ್ದಳೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಕ್ಕನನ್ನು ನೋಡಿದವನು, ಮರುದಿನದಿಂದ ಮಾಮನ ಹೋಟೆಲಿಗೆ ಬರತೊಡಗಿದ. ಒಂದು ಪ್ಲೇಟ್ ಇಡ್ಲಿ ಹೇಳುವುದು, ಮುಟ್ಟದೆ ಕೂರುವುದು, ಅಕ್ಕ ಆಫೀಸು ಬಿಟ್ಟು ಎದುರಿನ ಫುಟ್‌ಪಾತಿನಲ್ಲಿ ಹಾದುಹೋದ ಮೇಲೆ ಎದ್ದು ಹೋಗುವುದು. ಸ್ವಂತ ಹೋಟೆಲಿದ್ದವನು ಇನ್ನೊಬ್ಬರ ಹೋಟೆಲಿನಲ್ಲಿ ಇಡ್ಲಿ ತಣ್ಣಗಾಗಲು ಬಿಟ್ಟು ಕೂತದ್ದನ್ನು ಮಾಮ ಗಲ್ಲೆಯಿಂದಲೇ ನೋಡಿ ವಿಷಯ ತಿಳಿದರು. ಸಿಟ್ಟಾಗಲಿಲ್ಲ. ಮನೆತನ ವಿಚಾರಿಸಿದರು.

"ಬ್ರೆಡ್ ಆಯ್ತು, ಈಗ ಇಡ್ಲಿ ವೇಸ್ಟ್ ಮಾಡುವವ ಬಂದ," ಎಂದೆ ನಾನು. ಅಕ್ಕ ನಕ್ಕಳು. ಆದರೆ ಆ ನಗುವಿನಲ್ಲಿ ಎಂದಿನ ಚೇಷ್ಟೆ ಇರಲಿಲ್ಲ, ಅದು ಬೇರೆಯೇ ಆಗಿತ್ತು. 

ಮಾತುಕತೆ ಆಗಿ ವೀಳ್ಯ ಬದಲಿಸಿಕೊಂಡ ಮೇಲೆ ಅವನ ಫೋನುಗಳು ಶುರುವಾದವು. ಲೋಕಲ್ ತಡವಾಯಿತು ಎಂದರೆ ಸಾಲದು, ಪ್ಲಾಟ್‌ಫಾರ್ಮಿನ ಇಂಡಿಕೇಟರಿನ ಫೋಟೋ ತೆಗೆದು ಕಳಿಸಬೇಕು. ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆಂದು ಹೇಳಬೇಕು. ಫೋನ್ ಎತ್ತದಿದ್ದರೆ ಅಳುತ್ತಿದ್ದ. ಹೌದು, ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಟೆರೇಸಿನ ಹೆಂಗಸರಿಗೆ ಅಕ್ಕ ಇದನ್ನೆಲ್ಲ ಹೇಳಿದರೆ ಅವರು ಕೆನ್ನೆಗೆ ಕೈ ಕೊಟ್ಟು, "ಎಷ್ಟು ಪ್ರೀತಿ ಮಾರಾಯ್ತಿ! ನಮ್ಮವರು ನಾವು ಸತ್ತರೂ ಫೋನ್ ಮಾಡುವವರಲ್ಲ," ಎಂದು ನಿಟ್ಟುಸಿರು ಬಿಡುತ್ತಿದ್ದರು.

ಮದುವೆಗೆ ಮುಂಚಿನ ಕೊನೆಯ ಭಾನುವಾರ ಅಕ್ಕ ತಾನೇ ಚಾಪೆ ತಂದು ಹಾಸಿದಳು. ತಾನೇ ಪಿಶಾಚಿರಾಯನಾಗುತ್ತೇನೆ ಎಂದಳು. ಆ ದಿನ ಅವಳ ಮಾತು ಎಷ್ಟು ಚಂದವಿತ್ತೆಂದರೆ, ಈಗಲೂ ಕಿವಿಯಲ್ಲಿದೆ... "ಎಲೈ ತರುಣಿ, ಶತಮಾನಗಳ ಕತ್ತಲೆಯಲ್ಲಿ ನಿನ್ನ ಒಲೆಯ ಬೆಳಕೊಂದನ್ನೇ ನಂಬಿ ನಿಂತವನು ನಾನು. ಬಲವಂತ ಮಾಡಿದೆನೇ? ಬಾ ಎಂಬ ಒಂದು ಮಾತಿಗೆ ಕಾದೆ. ನನ್ನಷ್ಟು ನಿನ್ನನ್ನು ನೋಡಿದವರು ಈ ಲೋಕದಲ್ಲಿ ಇನ್ನಾರಿದ್ದಾರೆ?"

ನನಗೆ ಆ ದಿನ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ಮಾತೂ ಬಂತು. "ನೋಡಿದೆಯಲ್ಲದೆ ಕೇಳಿದೆಯೇನಯ್ಯಾ? ನನ್ನ ಹೆಸರಿನ ಹೊರತು ನನ್ನ ಒಂದು ಇಷ್ಟ ಹೇಳು ನೋಡುವಾ. ನಾನು ಯಾವ ಬೀದಿಯಲ್ಲಿ ನಡೆದೆ, ಯಾವ ಗಳಿಗೆಯಲ್ಲಿ ತಲುಪಿದೆ ಎಂಬುದಕ್ಕೆ ಗುರುತು ತೋರಿಸು ಎನ್ನುವವನು ನೀನು. ನಾಳೆ ಉಸಿರಾಡಿದ್ದಕ್ಕೂ ಗುರುತು ಕೇಳುವೆ. ನೀನು ರಕ್ತ ಕುಡಿದರೆ ಒಮ್ಮೆ ಸಾಯುತ್ತೇನೆ. ನಿನ್ನ ಈ ಪ್ರೀತಿಯಲ್ಲಿ ದಿನಾ ಸಾಯಬೇಕಲ್ಲ!"

ಅಕ್ಕನ ಕೈಯ ಚಮಚಗಳು ನಿಂತವು. ತಾಳಮದ್ದಳೆಯಲ್ಲಿ ಎದುರುತ್ತರ ಹೊಳೆಯದೆ ಸುಮ್ಮನಾಗುವುದೆಂದರೆ ಸೋಲು. ಅವಳು ಸುಮ್ಮನಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಬಟ್ಟೆ ಹಿಡಿದು ನಿಂತಿದ್ದ ಹೆಂಗಸರೂ ನಗಲಿಲ್ಲ. ಸಂಡಿಗೆಗೆ ಕಾಗೆ ಬಂದು ಕೂತಿತ್ತು, ಯಾರೂ ಓಡಿಸಲಿಲ್ಲ. ಕೊನೆಗೆ ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, "ಅರ್ಥದಲ್ಲಿ ನೀನು ಗೆದ್ದೆ ಮಾರಾಯ್ತಿ. ಆದ್ರೆ ಪ್ರಸಂಗ ಬದಲಾಗ್ತದಾ?" ಎಂದಳು. ಮುಂದಿನ ವಾರ ಮದುವೆ ನಡೆಯಿತು. ಊಟ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ಹುಡುಗಿಯ ತಲೆಯನ್ನು ಆ ಪುಸ್ತಕಗಳೇ ಕೆಡಿಸಿದವು ಎಂದು ಆಮೇಲೆ ಬಿಲ್ಡಿಂಗಿನಲ್ಲಿ ಕೆಲವರು ಮಾತಾಡಿದ್ದು ನನಗೆ ಗೊತ್ತು. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಪಿಶಾಚಿರಾಯನ ಬಣ್ಣ ಬಯಲು ಮಾಡಿ ನನಗೆ ತೋರಿಸಿದವಳೇ ಅವಳು. ಅವನ ಒಂದೊಂದು ಸೋಗೂ ಅವಳಿಗೆ ಬಾಯಿಪಾಠವಿತ್ತು. ಗೊತ್ತಿದ್ದೂ ಹೋದಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹಾಗೆ. ಇದಕ್ಕೆ ಪುಸ್ತಕವನ್ನು ಬೈದರೆ ಏನು ಬಂತು? ಆದರೆ ಒಂಟಿಯಾಗಿ ಏಳನೆಯ ಭಾಗ ಓದುವಾಗ, ಪಿಶಾಚಿ ಅಳುವ ಜಾಗದಲ್ಲಿ ನನ್ನ ಕಣ್ಣೂ ತುಂಬಿತು. ಆಗ ನಾನೂ ಪುಸ್ತಕವನ್ನೇ ಬೈದು ಗೋಡೆಗೆ ಎಸೆದೆ. ಆಮೇಲೆ ಎತ್ತಿಕೊಂಡು ಮುಂದಕ್ಕೆ ಓದಿದೆ...

ವರ್ಷ ತುಂಬುವುದರೊಳಗೆ ಅಕ್ಕ ಒಂದು ಬ್ಯಾಗು ಹಿಡಿದುಕೊಂಡು ವಾಪಸ್ ಬಂದಳು. ಕೆಲಸ ಬಿಡಿಸಿದ್ದ. ಫೋನು ಅವನ ಹತ್ತಿರವೇ ಇರುತ್ತಿತ್ತಂತೆ. ಅವನು ಹೋಟೆಲಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದನಂತೆ, "ನಿನಗೇನಾದರೂ ಆದರೆ ನಾನು ಬದುಕೋದಿಲ್ಲ" ಎಂದು. ಇದನ್ನೆಲ್ಲ ಅವಳು ನನಗೆ ಟೆರೇಸಿನಲ್ಲಿ ಕುಳಿತು, ಬೇರೆಯವರ ಕಥೆ ಹೇಳುವ ಹಾಗೆ ಹೇಳಿದಳು. ಆ ವಾರ ನನಗೆ ಹಬ್ಬವಾಗಿತ್ತು ಎಂದರೆ ತಪ್ಪಾದೀತು, ಆದರೆ ಹಾಗೆಯೇ ಇತ್ತು. ಅಕ್ಕ ಬಂದಳು, ಇನ್ನು ಇಲ್ಲೇ ಇರುತ್ತಾಳೆ ಎಂದುಕೊಂಡಿದ್ದೆ.

ಭಾನುವಾರ ಅವನೂ ಅವನ ಕಡೆಯ ಹಿರಿಯರೂ ಬಂದರು. ಆ ಪುಟ್ಟ ಮನೆಯಲ್ಲಿ ಗೋಡೆಗೆ ಒರಗಿ ಎಲ್ಲರೂ ಚಾಪೆಯ ಮೇಲೆ ಕುಳಿತರು. ನಾನು ಬಾಗಿಲ ಬಳಿ ನಿಂತಿದ್ದೆ. ಅವನು ತಲೆ ತಗ್ಗಿಸಿ ಕಣ್ಣೀರು ಹಾಕುತ್ತಿದ್ದ. ಮಾಮ ಗಂಟಲು ಸರಿಮಾಡಿಕೊಂಡಾಗ ನನಗೆ ಸಮಾಧಾನವಾಯಿತು. ರಾಕ್ಷಸನ ಪರವಾಗಿಯೂ ಗೆಲ್ಲುವವರು ಮಗಳ ಪರವಾಗಿ ಸೋಲುತ್ತಾರೆಯೇ?

ಮಾಮ ಅಳಿಯನ ಪರವಾಗಿ ಅರ್ಥ ಹೇಳಿದರು. ಮಗಳ ಕಡೆ ತಿರುಗಿ, ಸಭೆಯಲ್ಲಿ ಕುಳಿತಂತೆ ಒಂದೊಂದೇ ಬೆರಳು ಮಡಚಿ, "ಕುಡಿಯುವವನಲ್ಲ. ಹೊಡೆದವನಲ್ಲ. ಬೇರೆ ಹೆಣ್ಣಿನ ಕಡೆ ಕಣ್ಣೆತ್ತಿದವನಲ್ಲ. ಪ್ರೀತಿ ಸಾಲದು ಅಂತ ಗಂಡನ ಮನೆ ಬಿಟ್ಟವರನ್ನು ಕಂಡಿದ್ದೇನೆ ಮಗಾ. ಪ್ರೀತಿ ಹೆಚ್ಚಾಯಿತು ಅಂತ ಬಿಟ್ಟು ಬಂದವಳು ನೀನೊಬ್ಬಳೇ. ಹಾಲು ಉಕ್ಕಿತು ಅಂತ ಯಾರಾದರೂ ಒಲೆ ಒಡೆದು ಹಾಕ್ತಾರಾ?" ಎಂದರು.

ಮೂಲೆಯಲ್ಲಿ ಕುಳಿತಿದ್ದ ಒಬ್ಬ ಹಿರಿಯರ ಬಾಯಿಂದ, ಹಳೆಯ ಅಭ್ಯಾಸಬಲದಿಂದ, "ಆಹಾ!" ಎಂದು ಬಂದುಬಿಟ್ಟಿತು.

ಅಕ್ಕ ಅವರ ಕಡೆ ಒಮ್ಮೆ ನೋಡಿದಳು. ಆಮೇಲೆ ಅಪ್ಪನ ಕಡೆ ನೋಡಿದಳು. ಅವಳ ಹತ್ತಿರ ಉತ್ತರ ಇರಲಿಲ್ಲ ಎಂದು ನಾನು ಸತ್ತರೂ ನಂಬುವುದಿಲ್ಲ. ಆ ಮಾತಿಗೆ ಹತ್ತು ಉತ್ತರ ಕೊಡಬಲ್ಲವಳು ಎದ್ದು ಒಳಗೆ ಹೋಗಿ ತನ್ನ ಬ್ಯಾಗು ತಂದಳು. ನನ್ನನ್ನು ದಾಟಿ ಗಂಡನ ಹಿಂದೆ ಮೆಟ್ಟಿಲಿಳಿದು ಹೋದಳು. ಹಿರಿಯರೆಲ್ಲ ಚಹಾ ಕುಡಿದು ಹೋದರು. ಮಾಮ ಇನ್ನೂ ಎಷ್ಟೋ ಸಭೆಗಳಲ್ಲಿ ಗೆದ್ದರು, ಶಾಲು ಹೊದೆಸಿಕೊಂಡರು. ನಾನು ಮಾತ್ರ ಮತ್ತೆ ಅವರ ತಾಳಮದ್ದಳೆಗೆ ಹೋಗಲಿಲ್ಲ.

ಎಂಟು, ಒಂಬತ್ತು ಬಂದವು. ಒಂಬತ್ತರ ಕೊನೆಗೆ ಬೇಕರಿ ಹುಡುಗಿ ಒಲೆ ಆರಿಸಿ, ಅವನಂತೆಯೇ ಆಗಿ, ಅವನ ದೊಡ್ಡ ಕತ್ತಲೆಯ ಮನೆ ಸೇರಿದಳು. ಸುಖಾಂತ್ಯ! ಮಾಮ ತೀರಿಕೊಂಡರು. ಆ ದಿನ ಅಕ್ಕ ಗಂಡನ ಪಕ್ಕದಲ್ಲೇ ನಿಂತಿದ್ದಳು, ಅವನ ಕೈ ಅವಳ ತೋಳಿನ ಮೇಲೇ ಇತ್ತು. ಮಾತಾಡಲಾಗಲಿಲ್ಲ. ಮೇಲಿನ ಮನೆ ಬೇರೆಯವರದಾಯಿತು. ನಾವೂ ಆಂಟಾಪ್ ಹಿಲ್ ಬಿಟ್ಟೆವು. ಅವಳ ನಂಬರು ಬದಲಾಗಿತ್ತು. ಪವಾಯಿ ಎಂದರೆ ಪರದೇಶವೇನಲ್ಲ, ಆದರೂ ವರ್ಷಗಳು ಕಳೆದವು...

ಹತ್ತನೆಯ ಭಾಗವನ್ನು ನಾನು ಓದಿ ಮುಗಿಸಿದ್ದು ಕಳೆದ ತಿಂಗಳ ಒಂದು ಬೆಳಿಗ್ಗೆ, ಲೋಕಲ್ಲಿನಲ್ಲೇ. ಕಾಲ ಬದಲಾಗಿದೆಯಲ್ಲ, ಇಂದಿನ ಓದುವ ಹುಡುಗಿಯರು ಅಂಥ ಪ್ರೇಮಿಯನ್ನು ಸಹಿಸುವುದಿಲ್ಲ. ಅದು ಬರೆಯುವವರಿಗೂ ತಿಳಿದಿರಬೇಕು. ಕೊನೆಯ ಅಧ್ಯಾಯದಲ್ಲಿ ಅವಳು ಆ ಕತ್ತಲೆ ಮನೆಯ ಬಾಗಿಲು ತೆರೆದು, ಅವನು ಅಳುತ್ತಿರುವಾಗಲೇ, ಬೀದಿಗೆ ಇಳಿದು ನಡೆದು ಹೋಗುತ್ತಾಳೆ. ಹಿಂದಿರುಗಿ ನೋಡುವುದಿಲ್ಲ. ನಾನು ಇಳಿಯಬೇಕಾದ ಸ್ಟೇಶನ್ ದಾಟಿ ಹೋಗಿತ್ತು. ಖುಷಿಯೋ ಸಿಟ್ಟೋ ಗೊತ್ತಾಗಲಿಲ್ಲ. ಇಷ್ಟು ಸುಲಭವಾಗಿ ಬದಲಿಸಬಹುದಾಗಿದ್ದರೆ ಆಗಲೇ ಬದಲಿಸಬಾರದಿತ್ತೇ?

ಆ ಶನಿವಾರ ಹಳೆಯ ವಿಳಾಸ ಹುಡುಕಿಕೊಂಡು ಪವಾಯಿಗೆ ಹೋದೆ. ಬೆಲ್ ಮಾಡಿದೆ. ಮರದ ಬಾಗಿಲು ತೆರೆಯಿತು, ಅದರ ಮುಂದಿನ ಕಬ್ಬಿಣದ ಜಾಲಿಬಾಗಿಲು ತೆರೆಯಲಿಲ್ಲ. ಒಳಗೆ ಅಕ್ಕ ನಿಂತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದಳು, ಮುಖ ಅರಳಿತು, ಕೂಡಲೇ ಕಣ್ಣು ಮೇಲಕ್ಕೆ ಹೋಯಿತು. ಬಾಗಿಲ ಮೇಲೆ ಪುಟ್ಟ ಕ್ಯಾಮೆರಾ ಇತ್ತು.

"ಅವರು ಹೋಟೆಲಲ್ಲಿದ್ದಾರೆ. ಫೋನಲ್ಲಿ ಕಾಣ್ತದೆ ಅವರಿಗೆ," ಎಂದಳು ಮೆಲ್ಲಗೆ.

ನಮ್ಮ ಕಡೆ ಹೊಸ್ತಿಲಿಗೆ ಬಂದವರನ್ನು "ಬನ್ನಿ, ಆಸರಿಗೆ ಎಂತ ಬೇಕು" ಎಂದು ಬಾಯಾರಿಕೆ ವಿಚಾರಿಸದೆ ಹೊರಗೇ ನಿಲ್ಲಿಸುವುದಿಲ್ಲ. ಕೊರಿಯರ್ ತಂದವನಿಗೂ ಬೆಲ್ಲ ನೀರು ಕೊಡುತ್ತಿದ್ದ ಅಕ್ಕ ಅವಳು. ನಾನು ಕಾದೆ. ಅವಳು ಬಾ ಎನ್ನಲಿಲ್ಲ. ಕರೆಯದೆ ಒಳಗೆ ಹೋಗಲಾಗದೆ ಹೊರಗೆ ನಿಂತವಳು ನಾನಾಗಿದ್ದೆ.

ಪುಸ್ತಕ ತೋರಿಸಿದೆ. ಜಾಲಿಯ ಸಂದಿಯಿಂದ ಅದು ತೂರಲಿಲ್ಲ, ದಪ್ಪವಿತ್ತು. ಅವಳು ಎರಡು ಬೆರಳು ಹೊರಗೆ ಚಾಚಿ ಮುಖಪುಟವನ್ನು ಮುಟ್ಟಿದಳು. ಆಮೇಲೆ ಮುಖವನ್ನು ಜಾಲಿಯ ಹತ್ತಿರ ತಂದು ಮೂಸಿದಳು.

"ಕೊನೆಗೆ ಎಂತ ಆಯ್ತು?"

"ಪ್ರಸಂಗ ಬದಲಾಯ್ತು ಅಕ್ಕ. ಅವಳು ಹೊರಟು ಹೋಗ್ತಾಳೆ. ಬಾಗಿಲು ತೆಗೆದು ನಡ್ಕೊಂಡೇ ಹೋಗ್ತಾಳೆ." 

ಒಂದು ಕ್ಷಣ ಟೆರೇಸಿನ ಅಕ್ಕ ಅಲ್ಲಿ ನಿಂತಿದ್ದಳು. ಕಣ್ಣಿನಲ್ಲಿ ಅದೇ ಚುರುಕು. ಆಮೇಲೆ ಬೆರಳುಗಳು ಒಳಕ್ಕೆ ಹೋದವು.

"ಹನ್ನೊಂದು ಬರ್ತದೆ ನೋಡು," ಎಂದಳು. "ಅದ್ರಲ್ಲಿ ಎಲ್ಲರೂ ಕೂತು ಅವಳನ್ನು ವಾಪಸ್ ತರ್ತಾರೆ."

ಒಳಗೆ ಫೋನು ರಿಂಗಾಯಿತು. ಅವಳು ಬಾಗಿಲು ಹಾಕಿಕೊಂಡಳು.

 ಲಿಫ್ಟಿನಲ್ಲಿ ಇಳಿಯುತ್ತ ಆ ಮಾತಿಗೆ ಎದುರುತ್ತರ ಹುಡುಕಿದೆ, ಇಂದಿಗೂ ಹುಡುಕುತ್ತಿದ್ದೇನೆ. ಅಕ್ಕ ಬದುಕಿದ್ದಾಳೆ, ಇದೇ ಊರಿನಲ್ಲಿದ್ದಾಳೆ. ಆದರೆ ನಾನು ಅವಳನ್ನು ಕಳೆದುಕೊಂಡಿದ್ದೇನೆ, ಇದನ್ನು ಈಗ ಒಪ್ಪಿಕೊಳ್ಳಬೇಕು. ಕಳೆದುಕೊಂಡದ್ದು ಮೊನ್ನೆಯಲ್ಲ, ಆ "ಆಹಾ" ಎಂಬ ಮಾತು ಬಿದ್ದ ದಿನ.

ನಿನ್ನೆ ಫೋರ್ಟಿನ ಫುಟ್‌ಪಾತಿನ ಪುಸ್ತಕದವನು ನನ್ನನ್ನು ಗುರುತು ಹಿಡಿದು, "ಮ್ಯಾಡಮ್, ಅಗಲಾ ಪಾರ್ಟ್ ಭೀ ಆ ರಹಾ ಹೈ," ಎಂದ. ಹನ್ನೊಂದನೆಯ ಭಾಗ ನನಗೆ ಬೇಡ ಎಂದು ಮುಂದೆ ನಡೆದೆ. ಬಂದಾಗ ಕೊಳ್ಳುತ್ತೇನೆ, ಅದೂ ನನಗೆ ಗೊತ್ತು. ಮೂಸುತ್ತೇನೆ, ಬೈಯುತ್ತ ಬೈಯುತ್ತ ಓದುತ್ತೇನೆ, ಪಿಶಾಚಿರಾಯ ಅತ್ತರೆ ಹಾಳು ಕಣ್ಣು ತುಂಬಿಯೂ ಬಿಡುತ್ತದೆ. ಪಾತ್ರ ಬದಲಿಸಿ ವಾದಕ್ಕೆ ಕೂರಲು ಮಾತ್ರ ಎದುರಿಗೆ ಯಾರೂ ಇಲ್ಲ.